ಬೆಕ್ಕಿನ ಕಾಲಿಗೆ ಗ್ಯಾನಪ್ಪ ಹಾಕಿದ ಗಂಟು

ಪೂಜ್ಯ ಶ್ರೀ ಸದಯಾನಂದ ಅಜ್ಜನವರು ತಮ್ಮ ಕೊನೆಯ ವರ್ಷಗಳನ್ನು ಮಲಪ್ರಭೆಯ ದಂಡೆಯ ಒಂದು ನೇಕಾರರ ಊರಿನಲ್ಲಿ ಕಳೆದರು. ತಗಡು ಹೊದಿಸಿದ ಒಂದೇ ಕೋಣೆ, ಮುಂದೊಂದು ಬೇವಿನ ಕಟ್ಟೆ. ಅದೇ ಅವರ ಮಠ. ಭಕ್ತರು ತಂದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಮೊದಲು ಓಣಿಯ ಬೆಕ್ಕುಗಳಿಗೆ ಇಡುತ್ತಿದ್ದರು. ಅವುಗಳ ಕಣ್ಣಿನ ಪಿಸುರು ಒರೆಸುತ್ತಿದ್ದರು, ಗಾಯ ತೊಳೆಯುತ್ತಿದ್ದರು.

ಒಂದು ಮುಂಜಾನೆ ಅದೇ ಓಣಿಯ ನೇಕಾರ ಗ್ಯಾನಪ್ಪ ಸಿಟ್ಟಿನಿಂದ ಬಂದ. ಹಿಂದಿನ ದಿನ ಬೂದು ಬೆಕ್ಕೊಂದು ಇಲಿಯ ಬೆನ್ನುಹತ್ತಿ ಮಗ್ಗದ ಮೇಲೆ ಹಾರಿ, ನೇಯಲು ಬಿಗಿದಿದ್ದ ರೇಷ್ಮೆಯ ಹಾಸಿನ ಎಳೆಗಳನ್ನೆಲ್ಲ ಹರಿದಿತ್ತು. ಅವನು ಬಡಿಗೆ ಬೀಸಿದ್ದ. ಅದನ್ನು ಕಂಡವರು ಯಾರೂ ಇರಲಿಲ್ಲ.

“ಅನ್ನ ಹಾಕಿ ಹಾಕಿ ಓಣಿ ತುಂಬ ಬೆಕ್ಕು ಮಾಡೀರಿ. ನನ್ನ ಮಗ್ಗ ಹಾಳಾತು. ಇದ್ಯಾವ ಧರ್ಮರಿ ಅಜ್ಜಾರ?”

ಅಜ್ಜನವರು ತಲೆಯೆತ್ತಲಿಲ್ಲ. ಅವರ ತೊಡೆಯ ಮೇಲೆ ಅದೇ ಬೂದು ಬೆಕ್ಕು ಮಲಗಿತ್ತು. ಹಿಂಗಾಲು ಮುರಿದು ಜೋತಾಡುತ್ತಿತ್ತು. ಕಾಲಿಗೆ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತುತ್ತಿದ್ದರು. ಆದರೆ ವಯಸ್ಸಾದ ಕೈ ನಡುಗಿ ಗಂಟು ಮತ್ತೆ ಮತ್ತೆ ಜಾರುತ್ತಿತ್ತು.

“ಹರಿದ ಎಳಿ ಕಟ್ಟೋ ಕೈ ನಿಂದು,” ಎಂದರು. “ಬಾ, ಕಟ್ಟು.”

ಗ್ಯಾನಪ್ಪ ಕಟ್ಟೆಯೇರಿದ. ಕುಳಿತು ಕೈಯಿಟ್ಟ. ಬೆಕ್ಕು ಆ ಕೈಯನ್ನು ಗುರುತಿಸಿತು. ಬುಸುಗುಟ್ಟಿ ಅವನ ಮೇಲೆ ತಿರುಗುವಷ್ಟರಲ್ಲಿ ಅಜ್ಜನವರು ತಮ್ಮ ಎಡಗೈಯನ್ನು ನಡುವೆ ಒಡ್ಡಿದರು. ಹಲ್ಲು ಆಳಕ್ಕೆ ಇಳಿದವು. ರಕ್ತ ಮೊಣಕೈವರೆಗೆ ಹರಿದು ಕಾವಿ ನೆನೆಯಿತು.

“ಅಜ್ಜಾರ, ಕೈ ತಗೀರಿ!”

“ನೀ ಕಟ್ಟಪಾ. ನೋವಾದದ್ದಕ್ಕ ಕಡದೈತಿ.”

ಅವರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಇನ್ನೊಂದು ಕೈ ಬೆಕ್ಕಿನ ನೆತ್ತಿಯನ್ನು ಸವರುತ್ತಲೇ ಇತ್ತು. ಗ್ಯಾನಪ್ಪ ಕಣ್ಣೊರೆಸಿಕೊಳ್ಳುತ್ತ ಒಂದೊಂದೇ ಗಂಟು ಹಾಕಿದ. ಬೆರಳ ಕೆಳಗೆ ಆ ಸಣ್ಣ ಜೀವದ ನಾಡಿ ಪಟಪಟನೆ ಬಡಿಯುತ್ತಿತ್ತು. ಕೊನೆಯ ಗಂಟಿನ ಹೊತ್ತಿಗೆ ಬೆಕ್ಕು ಹಲ್ಲು ಸಡಿಲಿಸಿ, ತಾನು ಕಚ್ಚಿದ ಜಾಗವನ್ನೇ ನೆಕ್ಕತೊಡಗಿತು.

ಗ್ಯಾನಪ್ಪ ಕಟ್ಟಿನಿಂದ ಕೈ ತೆಗೆದ. “ಇದನ್ನ ಹೊಡದಾಂವ ನಾನರಿ.”

“ಗೊತ್ತೈತಿ. ನಸುಕಿನಿಂದ ನಿನ್ನ ದಾರೀನ ನೋಡಾಕತ್ತೀವಿ, ನಾವಿಬ್ಬರೂ.”

ಅಜ್ಜನವರಿಗೆ ಅದನ್ನು ಹೇಳಿದವರು ಯಾರೆಂದು ಅವನು ಕೇಳಲಿಲ್ಲ. ಮರುದಿನದಿಂದ ಮಗ್ಗಕ್ಕೆ ಕೂಡುವ ಮೊದಲು ಮಠಕ್ಕೆ ಬಂದು ಬೆಕ್ಕಿನ ಆರೈಕೆ ಮಾಡಿದ. ಹತ್ತಿರ ಬಂದರೆ ಅದು ಗುರುಗುಟ್ಟುತ್ತಿತ್ತು. ಅವನು ಬೇಸರಿಸಲಿಲ್ಲ.

ಐದನೆಯ ವಾರ ಅಜ್ಜನವರು ಕಟ್ಟು ಬಿಚ್ಚಿಸಿದರು. ಬೆಕ್ಕು ಎದ್ದು ನಿಂತಿತು. ಕುಂಟುತ್ತ ನಾಲ್ಕು ಹೆಜ್ಜೆ ಇಟ್ಟಿತು, ಕಾಲಿನ ಮೇಲೆ ಭಾರ ಹಾಕಿ ನೋಡಿತು, ಆಮೇಲೆ ಒಂದೇ ನೆಗೆತಕ್ಕೆ ಗೋಡೆಯೇರಿ, ತಿರುಗಿಯೂ ನೋಡದೆ ಹೊರಟುಹೋಯಿತು.

ಗ್ಯಾನಪ್ಪ ಅದು ಹೋದ ದಿಕ್ಕಿಗೆ ನೆಲಮುಟ್ಟಿ ದೀರ್ಘದಂಡ ನಮಸ್ಕಾರ ಹಾಕಿದ. ಗುರುಗಳಿಗೆ ಬೆನ್ನು ಮಾಡಿದ್ದೇನೆಂಬ ಅರಿವೂ ಅವನಿಗಿರಲಿಲ್ಲ. ಎದ್ದು ತಿರುಗಿದಾಗ ಅಜ್ಜನವರು ಕಟ್ಟೆಯಿಂದಿಳಿದು, ಅದೇ ದಿಕ್ಕಿಗೆ ಕೈಮುಗಿದು ನಿಂತಿದ್ದರು.