ತುಂಡು ಸಾಲುಗಳು

ಮಲಪ್ರಭೆಯ ದಂಡೆಯಲ್ಲೊಂದು ಆಶ್ರಮ. ಆ ಕಡೆ ಗುರುಗಳನ್ನು ಅಜ್ಜಾರು ಎನ್ನುತ್ತಾರೆ.

ಹಿಂದಿನ ಗುರು ದೊಡ್ಡಜ್ಜ ಕಾಯಿಲೆ ಬಿದ್ದಾಗ ಹಾಸಿಗೆಯಲ್ಲೇ ನಾಲ್ಕು ಮಾತು ಹೇಳಿದ್ದರು. ಪಕ್ಕದಲ್ಲಿ ಕೂತು ಅದನ್ನು ಕಂಪ್ಯೂಟರಿಗೆ ಇಳಿಸಿದವರು ಶಿಷ್ಯ ಸಂಗಯ್ಯ. ಈಗ ಸಂಗಯ್ಯನವರೇ ಅಲ್ಲಿಯ ಅಜ್ಜ.

ಪುಸ್ತಕ ಮಾಡಲೆಂದು ಅಜ್ಜ ಆ ಫೈಲನ್ನು ತಮ್ಮ ಶಿಷ್ಯ ಶಂಭುಲಿಂಗನ ಕೈಗೆ ಕೊಟ್ಟರು. ಶಂಭುಲಿಂಗ ಬಲು ಚುರುಕು. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಕೆಲಸ ಮುಗಿಸಿಬಿಡುವ ಪೈಕಿ.

ಸಂಜೆಗೆ ಬಂದು ಹೇಳಿದ: "ಅಜ್ಜಾರ, ಸಾಲೆಲ್ಲಾ ನಡುವ ಮುರದು ಬಿದ್ದಿದ್ವು. ಎಲ್ಲಿ ಬೇಕಲ್ಲಿ ಎಂಟರ್ ಒತ್ತಿದ್ರು. ಒಂದ ಸಲಕ್ಕ ಎಲ್ಲಾ ತಗದು ಕೂಡಿಸೇನ್ರಿ. ಈಗ ಚಂದ ಕಾಣತೈತಿ."

ಅಜ್ಜ ಪರದೆಯನ್ನು ಅವನ ಕಡೆ ತಿರುಗಿಸಿದರು.

"ಓದು," ಎಂದರು.

ಶಂಭುಲಿಂಗ ಗಡಗಡ ಓದಿದ. ನೋಡನೋಡುತ್ತ ಒಂದು ಪುಟ ಮುಗಿಯಿತು.

"ಈ ಪುಟ ಹೇಳಾಕ ದೊಡ್ಡಜ್ಜಾರಿಗೆ ಇಡೀ ಮಧ್ಯಾಹ್ನ ಹಿಡಿದಿತ್ತು," ಎಂದರು ಅಜ್ಜ. "ಎರಡು ಮಾತಾಡಿದ್ರ ಉಸಿರು ಕಟ್ಟತಿತ್ತು. ಅವರು ನಿಂತಲ್ಲಿ ನಾನು ಎಂಟರ್ ಒತ್ತತಿದ್ದೆ. ಮುಂದಿನ ಉಸಿರು ಬರತೈತೋ ಇಲ್ಲೋ ಅಂತ ಕಾಯತಿದ್ದೆ."

ಶಂಭುಲಿಂಗನ ಮುಖ ಕಪ್ಪಿಟ್ಟಿತು. "ಮೊದಲ ಹೇಳಬೇಕಿತ್ರಿ ಅಜ್ಜಾರ."

"ಹೇಳಬೇಕಿತ್ತು. ನನಗ ಆ ಉಸಿರು ಕಾಣತಿದ್ವು. ನಿನಗೂ ಕಾಣತಾವ ಅಂದ್ಕೊಂಡೆ. ಹಳೇ ಫೈಲ್ ಐತೇನು?"

"ಇಲ್ರಿ. ಪೆನ್‌ಡ್ರೈವಿನ್ಯಾಗಿಂದನ್ನೂ ಅಳಿಸಿ ಹೊಸದ ಹಾಕಿಬಿಟ್ಟೆ."

ಬೈಸಿಕೊಂಡಿದ್ದರೆ ಅವನಿಗೆ ಅರ್ಧ ಭಾರ ಇಳಿಯುತ್ತಿತ್ತು. ಅಜ್ಜ ಬೈಯಲಿಲ್ಲ. ಪರದೆಯ ಮೇಲೆ ಒತ್ತಾಗಿ ತುಂಬಿದ್ದ ಅಕ್ಷರಗಳನ್ನು ನೋಡುತ್ತ ಕೂತರು. ಅವರ ಕಣ್ಣು ತುಂಬಿ ಬಂದಿತ್ತು. ಅದನ್ನು ಕಂಡು ಶಂಭುಲಿಂಗನಿಗೆ ಅಳು ತಡೆಯಲಾಗಲಿಲ್ಲ.

"ಎಲ್ಲೆಲ್ಲಿ ನಿಂತಿದ್ರು ಹೇಳ್ರಿ ಅಜ್ಜಾರ. ಒಂದೊಂದ ಹಾಕತೇನಿ. ಎಷ್ಟು ದಿನ ಹಿಡಿದರೂ ಹಾಕತೇನಿ."

ಅಜ್ಜ ಕನ್ನಡಕ ಏರಿಸಿಕೊಂಡು ಮೊದಲಿನಿಂದ ಓದತೊಡಗಿದರು. ಅವರಿಗೂ ಈಗ ವಯಸ್ಸಾಗಿತ್ತು.

"ಹೊಳಿ ನನ್ನದಲ್ಲ, ನೀರಡಿಕಿ ಅಷ್ಟ..."

ಉಸಿರು ಸಾಲದೆ ನಿಂತರು.

ಶಂಭುಲಿಂಗ ಎಂಟರ್ ಕೀಲಿಯ ಮೇಲೆ ಬೆರಳಿಟ್ಟು ಕೇಳಿದ: "ದೊಡ್ಡಜ್ಜಾರು ನಿಂತದ್ದು ಇಲ್ಲೇ ಏನ್ರಿ?"

"ನೆನಪಿಲ್ಲಪಾ," ಎಂದರು ಅಜ್ಜ. "ನಾನು ನಿಂತದ್ದು ಇಲ್ಲಿ. ಒತ್ತು."