ಮೂಳೆಯ ಸಂದಿಗೆ ಬಂದ ಅತಿಥಿ

ಕುರ್ಚಿಯಿಂದ ಏಳುವ ಮೊದಲು ಬಲಗಾಲನ್ನು ಎರಡು ಸಲ ನೆಲಕ್ಕೆ ತಟ್ಟುವುದು ನೃತ್ಯದ ಟೀಚರ್ ಇಂದುಮತಿಯವರ ಅಭ್ಯಾಸ. ಆ ಕಾಲು ಮುರಿದಾಗ ಮೂಳೆಯ ಒಂದು ಚೂರು ಪುಡಿಯಾಯಿತು. ಡಾಕ್ಟರು ಆ ಜಾಗಕ್ಕೆ ಕೃತಕ ಮೂಳೆಯ ತುಂಡೊಂದನ್ನು ಕೂರಿಸಿದರು.

ಮೂಳೆ ಸಿಡುಕಿತು: "ನನ್ನ ಚೂರೂ ನಾನೂ ನಲವತ್ತು ವರ್ಷ ಜೊತೆಗೆ ಕುಣಿದೆವು, ಒಮ್ಮೆಯೂ ತಾಳ ತಪ್ಪಲಿಲ್ಲ. ನಿನಗೇನಯ್ಯಾ ಬರುತ್ತೆ?"

"ಜಾಗ ಕಾಯೋದು ಬರುತ್ತೆ, ಅಣ್ಣಾ. ನೀನು ನನ್ನೊಳಗೆ ಬೆಳೆಯದಿದ್ದರೆ ಟೀಚರ್ ಮತ್ತೆ ಕುಣಿಯೋದಿಲ್ಲ. ಬೆಳೀತಾ ಬೆಳೀತಾ ನಿನ್ನ ಚೂರಿನ ಕತೆ ಹೇಳು."

ಮೂಳೆ ಹಳೆಯ ದಿನಗಳನ್ನೆಲ್ಲ ಹೇಳುತ್ತಾ ಬೆಳೆಯಿತು. ತುಂಡು ಹೂಂಗುಟ್ಟುತ್ತಾ, ಅದಕ್ಕೆ ಜಾಗ ಬಿಡುತ್ತಾ, ಕರಗಿಹೋಯಿತು. ಆ ಹೂಂಗುಟ್ಟುವಿಕೆ ಯಾವಾಗ ನಿಂತಿತೋ, ಕತೆಯ ಗುಂಗಿನಲ್ಲಿದ್ದ ಮೂಳೆಗೆ ತಿಳಿಯಲಿಲ್ಲ. ವರ್ಷದ ಮೇಲೆ ಟೀಚರ್ ಗೆಜ್ಜೆ ಕಟ್ಟಿ ಕುಣಿದಾಗ ಮೂಳೆ ಸಂಭ್ರಮದಿಂದ ಕರೆಯಿತು:

"ತಮ್ಮಾ, ಈಗ ನಿನ್ನ ಕತೆ ಹೇಳೋ."