ಮೂರು ಫೋಟೊ, ಒಂದು ನೊಣ

ಡೇರಿಯ ಹೊಸ ಕಟ್ಟಡದ ಟೇಪು ಕತ್ತರಿಸುವಾಗ ಗುಮಾಸ್ತ ಚೆಲುವಯ್ಯ ಒಂದೇ ಫೋಟೊ ಹೊಡೆದಿದ್ದ. ಅದರಲ್ಲಿ ಅಧ್ಯಕ್ಷ ಬೆಟ್ಟೇಗೌಡರ ಮುಖ ಕಪ್ಪು, ಹಿಂದಿನ ಆಕಾಶ ಬೆಳಕೋ ಬೆಳಕು.

“ತಿಳಿದವರು ಮೂರು ಹೊಡೀತಾರೆ. ಕಪ್ಪಗೊಂದು, ಹದವಾಗೊಂದು, ಬೆಳ್ಳಗೊಂದು. ಆಮೇಲೆ ಸೇರಿಸ್ತಾರೆ. ನೀನೂ ಹೊಡೆದಿರ್ಬೇಕಲ್ಲ, ನಾಳೆ ಮೂರೂ ತಂದು ತೋರಿಸು, ಇಲ್ಲಾಂದ್ರೆ ಹಾಲಿನ ಕ್ಯಾನ್ ತೊಳೆಯೋಕೆ ಹೋಗು,” ಅಂದರು ಗೌಡರು.

ಚೆಲುವಯ್ಯ ಕಂಪ್ಯೂಟರಿಗೆ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡ. ಇದ್ದ ಒಂದನ್ನೇ ಮೂರು ಪ್ರತಿ ಮಾಡಿದ. ಒಂದನ್ನು ಕಪ್ಪಗೆ ಮಾಡಿ, ಇನ್ನೊಂದನ್ನು ಬೆಳಗಿಸಿ, ಮೂರನ್ನೂ ಸೇರಿಸಿದ. ಮುಖ ಕಂಡಿತು, ಆಕಾಶವೂ ನೀಲಿಯಾಯಿತು.

ಮರುದಿನ ಸೇರಿಸಿದ್ದನ್ನೂ ಬಿಡಿ ಮೂರನ್ನೂ ಪ್ರಿಂಟ್ ಹಾಕಿಸಿ ತಂದುಕೊಟ್ಟಾಗ ಗೌಡರು ಹಿಗ್ಗಿದರು. ಆಮೇಲೆ ಮೂರನ್ನೂ ಮೇಜಿನ ಮೇಲೆ ಹರಡಿ ಕನ್ನಡಕ ಏರಿಸಿದರು.

“ಅಲ್ಲಯ್ಯ, ಮೂರರಲ್ಲೂ ನೊಣ ನನ್ನ ಪೇಟದ ಮೇಲೆ ಒಂದೇ ಕಡೆ ಕೂತಿದೆಯಲ್ಲ?”

“ನಿಮ್ಮ ಹತ್ತಿರ ಬಂದಮೇಲೆ ಅಲುಗಾಡೋ ಧೈರ್ಯ ಯಾರಿಗಿದೆ, ಗೌಡ್ರೆ?”

ಗೌಡರು ನೊಣದ ಸಮೇತ ಮೂರಕ್ಕೂ ಫ್ರೇಮ್ ಹಾಕಿಸಿದರು.